ಮೆಜೆಸ್ಟಿಕ್‌ನಲ್ಲಿ ಇಳಿದು ಮತ್ತೆ ಹತ್ತುವುದು ಯಾಕೆ?

ಪ್ರಶ್ನೆ: ನಾವು ಶಿರಸಿ ಹತ್ತಿರದ ಹಳ್ಳಿಯವರು. ಮಗ ವೈಟ್‌ಫೀಲ್ಡ್‌ನಲ್ಲಿದ್ದಾನೆ, ಮಗಳು ಜೆ.ಪಿ. ನಗರದಲ್ಲಿ. ವರ್ಷಕ್ಕೆ ಮೂರ್ನಾಲ್ಕು ಸಲ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತೇವೆ. ಕಳೆದ ಸಲ ಮಗಳ ಮನೆಯಿಂದ ಮಗನ ಮನೆಗೆ ಮೆಟ್ರೋದಲ್ಲಿ ಹೊರಟೆವು. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಬೇಕು ಅಂದಿದ್ದರು. ಜನ ಹೋದ ಕಡೆಯೇ ನಾವೂ ಹತ್ತುತ್ತಾ ಹೋಗಿ, ಗೊತ್ತಿಲ್ಲದೆ ಗೇಟು ದಾಟಿ ಹೊರಗೆ ಬಂದುಬಿಟ್ಟೆವು. ಮತ್ತೆ ಟಿಕೆಟ್ ತೆಗೆಸಿ ಒಳಗೆ ಹೋಗಬೇಕಾಯಿತು. ಒಂದು ನಿಲ್ದಾಣವನ್ನು ಅಷ್ಟು ಆಳಕ್ಕೆ ಯಾಕೆ ತೋಡಿದ್ದಾರೆ? ಒಂದೇ ರೈಲು ಸೀದಾ ಹೋಗುವ ಹಾಗೆ ಮಾಡಲು ಆಗುತ್ತಿರಲಿಲ್ಲವೇ? ಅಲ್ಲಿ ಮೊದಲು ಕೆರೆ ಇತ್ತು ಎಂದು ಮಗ ಹೇಳುತ್ತಾನೆ, ನಿಜವೇ? ಇನ್ನೊಂದು ಮಾತು: ನನ್ನ ಹೆಂಡತಿಗೆ ಮಂಡಿ ನೋವು. ಇಷ್ಟೆಲ್ಲ ಹತ್ತಿ ಇಳಿಯದೆ ಹೋಗುವ ದಾರಿ ಇದ್ದರೆ ತಿಳಿಸಿ.

ಉತ್ತರ: ಮೊದಲು ಒಂದು ಸಮಾಧಾನ. ಆ ಗೇಟು ದಾಟಿ ಹೊರಬಿದ್ದವರಲ್ಲಿ ನೀವು ಮೊದಲಿಗರಲ್ಲ. ನಾನೂ ಒಮ್ಮೆ ಬಿದ್ದಿದ್ದೇನೆ. ಕೊಂಕಣ ರೈಲ್ವೆ ಕಾಲದಲ್ಲಿ ಸುರಂಗದ ಕೆಲಸ ಕಲಿತು, ಆಮೇಲೆ ಊರೂರು ಸುತ್ತಿ, ಈಗ ಹೊನ್ನಾವರದಲ್ಲಿ ಮನೆ ಮಾಡಿಕೊಂಡಿರುವವನು ನಾನು. ನೆಲದಡಿಯೇ ಬದುಕಿದವನು ನೆಲದಡಿ ದಾರಿ ತಪ್ಪಿದ್ದನ್ನು ಮನೆಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ.

ಕೆರೆಯಿಂದಲೇ ಶುರು ಮಾಡೋಣ. ಉಳಿದ ಪ್ರಶ್ನೆಗಳಿಗೂ ಉತ್ತರ ಅಲ್ಲೇ ಇದೆ.

ನಿಮ್ಮ ಮಗ ಹೇಳಿದ್ದು ಸರಿ. ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಧರ್ಮಾಂಬುಧಿ ಕೆರೆಯ ಅಂಗಳ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರು ಎನ್ನುವ ಹಳೆಯ ಪೇಟೆಗೆ ಕುಡಿಯಲು ಈ ಕೆರೆಯ ನೀರು ಹೋಗುತ್ತಿತ್ತು. 1882ರಲ್ಲಿ ಸ್ಯಾಂಕಿ ಕೆರೆ ಆದಾಗ ಅದನ್ನೂ ಮಿಲ್ಲರ್ ಕೆರೆಯನ್ನೂ ಇದರ ಜೊತೆ ಸೇರಿಸಿದರು. ಅಂದರೆ ಆಗಲೇ ಇದು ಒಂಟಿ ಕೆರೆಯಲ್ಲ, ಒಂದರ ನೀರು ಇನ್ನೊಂದಕ್ಕೆ ಹೋಗುವ ಸಾಲಿನ ಒಂದು ಕೊಂಡಿ. ಆದರೆ 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ನಲ್ಲಿ ಬಂದ ಮೇಲೆ ಕೆರೆಯ ಹೂಳು ತೆಗೆಸುವವರು ಯಾರು? ನಮ್ಮಲ್ಲಿ ಬೋರ್‌ವೆಲ್ ಬಂದ ಮೇಲೆ ಮನೆ ಬಾವಿಗಳಿಗೆ ಏನಾಯಿತೋ ಅದೇ ಆಯಿತು. ಸುತ್ತ ಊರು ಬೆಳೆಯಿತು, ನೀರು ಬರುವ ದಾರಿ ಕಡಿಯಿತು, ಕೆರೆ ಒಣಗಿತು.

ಒಣಗಿದ ಕೆರೆ ಮೈದಾನವಾಯಿತು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಇಲ್ಲಿ ಸಭೆಗಳು ನಡೆಯುತ್ತಿದ್ದವು. ಸುಭಾಷ್‌ನಗರ ಎಂಬ ಹೆಸರು ಈಗಲೂ ಉಳಿದಿದೆ. ಮುಂದೆ ಇದೇ ಜಾಗದಲ್ಲಿ ಬಸ್ ನಿಲ್ದಾಣ ಎದ್ದಿತು. ಪಕ್ಕದಲ್ಲೇ ರೈಲು ನಿಲ್ದಾಣ. ಗಾಂಧಿನಗರದ ಕಡೆ ಸಿನಿಮಾ ಟಾಕೀಸುಗಳ ಸಾಲು. ‘ಮೆಜೆಸ್ಟಿಕ್’ ಅನ್ನುವುದೂ ಅಲ್ಲಿದ್ದ ಒಂದು ಟಾಕೀಸಿನ ಹೆಸರೇ. ಟಾಕೀಸು ಹೋಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಇಡೀ ಬಡಾವಣೆಗೆ ಅಂಟಿಕೊಂಡಿತು. ಮೆಟ್ರೋ ನಿಲ್ದಾಣದ ಪೂರ್ತಿ ಹೆಸರು ‘ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್’. ಕೆರೆ ಕಟ್ಟಿದ ಕಾಲದ ಹೆಸರೂ ಇದೆ, ಟಾಕೀಸಿನ ಹೆಸರೂ ಇದೆ. ಕೆರೆಯ ಹೆಸರು ಮಾತ್ರ ಇಲ್ಲ.

ಕೆರೆಯ ಗುರುತು ನೋಡಬೇಕು ಅನಿಸಿದರೆ ಮುಂದಿನ ಸಲ ಬಸ್ಸಿಳಿದು ಹೊರಗೆ ಬಂದಾಗ ರಸ್ತೆಯ ಫಲಕ ಓದಿ. ಪಕ್ಕದ ರಸ್ತೆಗೆ ಟ್ಯಾಂಕ್ ಬಂಡ್ ರಸ್ತೆ ಎಂದೇ ಹೆಸರು. ಕೆರೆ ಏರಿ ರಸ್ತೆ ಅಂತ. ಕೆರೆ ಇಲ್ಲ, ಏರಿಯೂ ಇಲ್ಲ. ಹತ್ತಿರವೇ ಅಣ್ಣಮ್ಮ ದೇವಿಯ ಗುಡಿ ಇದೆ. ಬೆಂಗಳೂರಿನ ಊರದೇವತೆ. ಕೆರೆ ದಂಡೆಯಲ್ಲಿ ಅಮ್ಮ ಕೂತಿದ್ದು ಸಹಜವೇ, ಅಲ್ವಾ? ಕೆರೆ ಹೋದರೂ ಅಮ್ಮ ಎದ್ದು ಹೋಗಲಿಲ್ಲ.

ಮೆಟ್ರೋದವರು ಹೊಸದಾಗಿ ಒಂದು ಕೂಡುವ ಜಾಗ ಹುಡುಕಲಿಲ್ಲ. ಜನ ಮೊದಲೇ ಇಳಿದು ಹತ್ತುತ್ತಿದ್ದ ಜಾಗದ ಕೆಳಗೆ ಗುಂಡಿ ತೋಡಿದರು, ಅಷ್ಟೇ. ಹೊಳೆ ದಂಡೆಯವರಿಗೆ ಇದು ಹೊಸ ವಿಷಯವಲ್ಲ. ನಮ್ಮ ಕರಾವಳಿಯಲ್ಲಿ ಸೇತುವೆಗಳು ಬರುವ ಮೊದಲು ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಹೀಗೆ ಒಂದೊಂದು ಹೊಳೆಯಲ್ಲೂ ಬಸ್ಸಿಳಿದು, ತಾರಿಯಲ್ಲಿ (ಹೊಳೆ ದಾಟಿಸುವ ದೋಣಿಯಲ್ಲಿ) ದಾಟಿ, ಆಚೆ ದಡದ ಬಸ್ಸು ಹತ್ತಬೇಕಿತ್ತು. ಕಾರವಾರದ ಕಾಳಿಗೆ ಹೆದ್ದಾರಿ ಸೇತುವೆ ಆಗಿದ್ದೇ 1980ರ ದಶಕದಲ್ಲಿ. ಅದಕ್ಕೂ ಮೊದಲು ನಾನು ಹುಡುಗನಾಗಿದ್ದಾಗ ಅಪ್ಪನ ಜೊತೆ ಸದಾಶಿವಗಡದ ಕಡೆಗೆ ದೋಣಿಯಲ್ಲಿ ದಾಟಿದ ನೆನಪಿದೆ. ತಾರಿ ಇದ್ದಲ್ಲಿ ಚಾ ಅಂಗಡಿ, ಬೀಡಾ ಅಂಗಡಿ, ಕಾಯುವವರ ಗದ್ದಲ. ಹಾಗೆ ಬೆಳೆದ ಜಾಗಗಳಲ್ಲಿ ಒಂದೆರಡಕ್ಕೆ ತಾರಿಬಾಗಿಲು ಅನ್ನುವ ಹೆಸರು ಈಗಲೂ ಇದೆ. ಬೆಂಗಳೂರಿನ ಮೆಜೆಸ್ಟಿಕ್ ಇಡೀ ರಾಜ್ಯದ ತಾರಿಬಾಗಿಲು. ಅಲ್ಲಿ ಹೊಳೆ ಇಲ್ಲ, ಜನ ಇದ್ದಾರೆ.

ಈಗ ಆಳದ ಪ್ರಶ್ನೆ.

ಎರಡು ರೈಲು ಮಾರ್ಗಗಳು ಒಂದನ್ನೊಂದು ದಾಟಬೇಕು. ನೇರಳೆ ಮಾರ್ಗ ಪೂರ್ವ–ಪಶ್ಚಿಮ, ಈಗ ವೈಟ್‌ಫೀಲ್ಡ್‌ನ ಕಾಡುಗೋಡಿಯಿಂದ ಚಲ್ಲಘಟ್ಟದವರೆಗೆ. ಹಸಿರು ಮಾರ್ಗ ಉತ್ತರ–ದಕ್ಷಿಣ, ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ. ಒಂದೇ ಮಟ್ಟದಲ್ಲಿ ದಾಟಿಸಿದರೆ ನಮ್ಮ ಹಳೆಯ ರೈಲ್ವೆ ಗೇಟಿನ ಕಥೆ. ಒಂದು ಹೋಗುವವರೆಗೆ ಇನ್ನೊಂದು ನಿಲ್ಲಬೇಕು. ಮೆಟ್ರೋದಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಒಂದರ ಕೆಳಗೆ ಇನ್ನೊಂದು. ಮೆಜೆಸ್ಟಿಕ್‌ನಲ್ಲಿ ನೇರಳೆ ಮೇಲೆ, ಹಸಿರು ಕೆಳಗೆ. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ದಾರಿ ಸಿಕ್ಕ ಹಾಗೆ.

ಆದರೆ ಎರಡು ಮಹಡಿ ಮಾತ್ರ ಸಾಕಾಗುವುದಿಲ್ಲ. ಮೇಲೆ ರಸ್ತೆ ಇದೆ, ಬಸ್ಸುಗಳ ಭಾರ ಇದೆ. ಅದರ ಕೆಳಗೆ ಟಿಕೆಟ್ ಮತ್ತು ಗೇಟಿನ ಅಂತಸ್ತು. ಅದರ ಕೆಳಗೆ ಒಂದು ಪ್ಲಾಟ್‌ಫಾರ್ಮ್. ಅದರ ಸುರಂಗದ ತಳಕ್ಕೂ ಇನ್ನೊಂದರ ನೆತ್ತಿಗೂ ನಡುವೆ ಜಾಗ ಬಿಡಬೇಕು. ಆಮೇಲೆ ಎರಡನೆಯ ಪ್ಲಾಟ್‌ಫಾರ್ಮ್. ಹಳಿ, ಹಳಿಯ ಕೆಳಗಿನ ಕಾಂಕ್ರೀಟು, ನೀರು ಎತ್ತುವ ಪಂಪು. ಎಲ್ಲ ಸೇರಿಸಿದರೆ ಗುಂಡಿಯೊಳಗೆ ನಿಮ್ಮ ತೋಟದ ಬೆಳೆದ ಅಡಿಕೆ ಮರವೊಂದನ್ನು ನಿಲ್ಲಿಸಬಹುದು. ಉದ್ದವೂ ಹಾಗೆಯೇ. ಶುರುವಿನಲ್ಲಿ ಮೂರು ಬೋಗಿಯ ರೈಲು ಓಡಿದರೂ ನಿಲ್ದಾಣವನ್ನು ಆರು ಬೋಗಿಗೇ ಕಟ್ಟಿದ್ದರು. ಆರು ಬೋಗಿಯ ರೈಲು ಬಂದಿದ್ದು 2018ರಲ್ಲಿ. ಹಾಗೆ ಕಟ್ಟಿದ್ದು ಒಳ್ಳೆಯದೇ ಆಯಿತು. ನೆಲದಡಿಯ ನಿಲ್ದಾಣವನ್ನು ಆಮೇಲೆ ಉದ್ದ ಮಾಡುವುದು ಬಸುರಿಯ ಹೊಟ್ಟೆಗೆ ಹೊಲಿಗೆ ಹಾಕಿದಷ್ಟೇ ಕಷ್ಟ.

ಜನ ಸಾಮಾನ್ಯವಾಗಿ ಸುರಂಗದ ಬಗ್ಗೆ ಕೇಳುತ್ತಾರೆ, ನಿಲ್ದಾಣದ ಬಗ್ಗೆ ಕೇಳುವುದಿಲ್ಲ. ಕೆಲಸದವರಿಗೆ ನಿಲ್ದಾಣವೇ ದೊಡ್ಡ ತಲೆನೋವು. ಸುರಂಗವನ್ನು ಯಂತ್ರ ಕೊರೆಯುತ್ತದೆ. ನಿಲ್ದಾಣವನ್ನು ಮೇಲಿನಿಂದಲೇ ಅಗೆದು, ಒಳಗೆ ಕಟ್ಟಿ, ಮತ್ತೆ ಮುಚ್ಚಬೇಕು. ಅಗೆಯುವಷ್ಟು ವರ್ಷವೂ ಮೇಲಿನ ಜಾಗ ನಮ್ಮ ಕೈಯಲ್ಲಿರಬೇಕು. ಅದಕ್ಕೇ ಬಸ್ ನಿಲ್ದಾಣದ ಒಂದು ಪಾಲನ್ನು ತೆರವು ಮಾಡಿಸಿದ್ದು. ಆ ವರ್ಷಗಳಲ್ಲಿ ಊರಿನಿಂದ ಹೋದವರು ತಗಡಿನ ಬೇಲಿ ಸುತ್ತಿಕೊಂಡು ಸಿಟಿ ಬಸ್ಸು ಹುಡುಕಿದ್ದು ನಿಮಗೂ ನೆನಪಿರಬಹುದು.

ಕೆರೆ ಅಂಗಳದಲ್ಲಿ ನೆಲ ತೋಡಿದರೆ ನೀರು ಬರದೇ ಇರುತ್ತದೆಯೇ? ಬರುತ್ತದೆ. ಆದರೆ ನೀರು ಒಳಗೆ ನುಗ್ಗುವುದು ಅರ್ಧ ತೊಂದರೆ ಮಾತ್ರ. ಇನ್ನರ್ಧವನ್ನು ಕರಾವಳಿಯವರಿಗೆ ಹೇಳುವುದು ಸುಲಭ. ನೆಲದಡಿಯ ನಿಲ್ದಾಣ ಅಂದರೆ ಒಳಗೆ ಟೊಳ್ಳಾದ ಕಾಂಕ್ರೀಟ್ ಡಬ್ಬ. ಸುತ್ತಲಿನ ಮಣ್ಣಿನಲ್ಲಿ ನೀರಿನ ಮಟ್ಟ ಏರಿದರೆ ಆ ಡಬ್ಬ ಖಾಲಿ ದೋಣಿಯ ಹಾಗೆ ಮೇಲೇಳಲು ನೋಡುತ್ತದೆ. ನಿಜವಾಗಿಯೂ ತೇಲಲು ನೋಡುತ್ತದೆ. ಹಾಗಾಗಿ ಯಾವುದೇ ನೆಲದಡಿ ನಿಲ್ದಾಣದ ಲೆಕ್ಕ ಹಾಕುವಾಗ ಎರಡು ಪ್ರಶ್ನೆ ಕೇಳುತ್ತಾರೆ. ಮೇಲಿನ ಭಾರಕ್ಕೆ ಕುಸಿಯುತ್ತದೆಯೇ? ಕೆಳಗಿನ ನೀರಿಗೆ ತೇಲುತ್ತದೆಯೇ? ಎರಡನೆಯದಕ್ಕೆ ಉತ್ತರ ತಳದ ದಪ್ಪ ಕಾಂಕ್ರೀಟು, ಗೋಡೆಯ ತೂಕ, ಮೇಲೆ ಮತ್ತೆ ಹಾಕುವ ಮಣ್ಣಿನ ತೂಕ. ನೀವು ಎಸ್ಕಲೇಟರಿನಲ್ಲಿ ಇಳಿಯುವಾಗ ಕಾಲಡಿಯಲ್ಲಿ ಇರುವುದು ದೋಣಿಗೆ ಕಟ್ಟಿದ ಲಂಗರು ಅಂದುಕೊಳ್ಳಿ.

ಇನ್ನು ಬೆಂಗಳೂರಿನ ನೆಲದ ಸ್ವಭಾವ. ನಮ್ಮ ಕೊಂಕಣ ರೈಲ್ವೆಯಲ್ಲಿ 90ಕ್ಕೂ ಹೆಚ್ಚು ಸುರಂಗ ಇವೆ. ಗಟ್ಟಿ ಬಂಡೆ ಇದ್ದಲ್ಲಿ ತೂತು ಕೊರೆದು, ಮದ್ದಿಟ್ಟು, ಒಡೆದು ಮುಂದೆ ಹೋದೆವು. ನಮ್ಮನ್ನು ಕಾಡಿದ್ದು ಬಂಡೆಯಲ್ಲ, ಮೆತ್ತಗಿನ ಮಣ್ಣು. ಗೋವಾದ ಪೆಡ್ಣೆ ಸುರಂಗದಲ್ಲಿ ಮಣ್ಣು ಎಷ್ಟು ಸತಾಯಿಸಿತು ಅಂದರೆ, 1998ರ ಜನವರಿಯಲ್ಲಿ ಇಡೀ ಮಾರ್ಗ ಶುರುವಾಗುವುದು ತಡವಾಗಿದ್ದಕ್ಕೆ ಅದೂ ಒಂದು ಕಾರಣ. ಬೆಂಗಳೂರಿನಲ್ಲಿ ಬಂಡೆಯೂ ಇದೆ, ಮಣ್ಣೂ ಇದೆ, ಅದೂ ಒಂದೇ ಕಡೆ. ಒಂದು ಅಡಿ ಮೆತ್ತಗಿನ ಮಣ್ಣು, ಅದರ ಪಕ್ಕಕ್ಕೇ ಆನೆ ಗಾತ್ರದ ಗುಂಡು. ಕೊರೆಯುವ ಯಂತ್ರದ ಮುಖದ ಅರ್ಧಕ್ಕೆ ಕಲ್ಲು, ಅರ್ಧಕ್ಕೆ ಮಣ್ಣು ಸಿಕ್ಕರೆ ಹಲ್ಲು ಮುರಿಯುತ್ತದೆ. ಚಿರೇಕಲ್ಲು ಕಡಿಯುವವರನ್ನು ಕೇಳಿ ನೋಡಿ. ಒಂದೇ ಹದದ ಕಲ್ಲು ಎಷ್ಟು ಗಟ್ಟಿ ಇದ್ದರೂ ಕಡಿಯಬಹುದು, ಹದ ಬದಲಾಗುವ ಕಡೆಯೇ ಕತ್ತಿ ಕೆಡುತ್ತದೆ.

ಮೊದಲ ಹಂತದ ಸುರಂಗ ಕೊರೆದ ಯಂತ್ರಗಳಿಗೆ ಹೆಲೆನ್, ಮಾರ್ಗರೀಟಾ, ರಾಬಿನ್, ಕಾವೇರಿ, ಕೃಷ್ಣಾ, ಗೋದಾವರಿ ಎಂದು ಹೆಸರು. ಇವುಗಳಲ್ಲಿ ಗೋದಾವರಿ ಚಿಕ್ಕಪೇಟೆಯಿಂದ ಮೆಜೆಸ್ಟಿಕ್ ಕಡೆಗೆ ಬರುವ ದಾರಿಯಲ್ಲಿ ಕೆಟ್ಟು ನಿಂತು ತಿಂಗಳುಗಟ್ಟಲೆ ಕಾಯಿಸಿತು. ಮೇಲೆ ಹಳೆಯ ಪೇಟೆ. ಸಂದುಗೊಂದು, ಹಳೆಯ ಮನೆ, ಹಳೆಯ ಬಾವಿ. ಮೇಲಿನಿಂದ ಗುಂಡಿ ತೋಡಿ ಯಂತ್ರ ರಿಪೇರಿ ಮಾಡೋಣ ಅಂದರೆ ಜಾಗ ಎಲ್ಲಿದೆ? ಕೊನೆಗೆ ಈ ಸುರಂಗಗಳು ಮೆಜೆಸ್ಟಿಕ್ ಮುಟ್ಟಿದ್ದು 2016ರಲ್ಲಿ.

ಅದರ ಪರಿಣಾಮ ಸ್ವಲ್ಪ ತಮಾಷೆಯದು. ಮೆಟ್ರೋಗೆ ಅಡಿಗಲ್ಲು ಬಿದ್ದಿದ್ದು 2006ರ ಜೂನ್‌ನಲ್ಲಿ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ಕ್ಕೆ. 2014ರ ಮಾರ್ಚ್‌ನಲ್ಲಿ ಹಸಿರು ಮಾರ್ಗ ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆ ಶುರುವಾಯಿತು. ಎರಡು ತುಂಡು ಮೆಟ್ರೋ, ನಡುವೆ ಸಂಬಂಧವೇ ಇಲ್ಲ. ತುಮಕೂರು ರಸ್ತೆ ಕಡೆಯಿಂದ ಬಂದವರು ಸಂಪಿಗೆ ರಸ್ತೆಯಲ್ಲಿ ಇಳಿದು, ಮೆಜೆಸ್ಟಿಕ್‌ಗೆ ಆಟೋ ಹಿಡಿಯಬೇಕಿತ್ತು. 2016ರ ಏಪ್ರಿಲ್ ಕೊನೆಗೆ ನೇರಳೆ ಮಾರ್ಗದ ಸುರಂಗ ತೆರೆಯಿತು. ಮೆಜೆಸ್ಟಿಕ್ ನಿಲ್ದಾಣವೂ ತೆರೆಯಿತು. ಆದರೆ ಕೆಳಗಿನ ಹಸಿರು ಮಾರ್ಗ ಬಂದಿರಲಿಲ್ಲ. ರೈಲು ಬದಲಿಸಲೆಂದೇ ಕಟ್ಟಿದ ಅಷ್ಟು ದೊಡ್ಡ ನಿಲ್ದಾಣದಲ್ಲಿ ಒಂದು ವರ್ಷದ ಮೇಲೂ ಬದಲಿಸಲು ಇನ್ನೊಂದು ರೈಲೇ ಇರಲಿಲ್ಲ! ಮದುವೆ ಮನೆಗೆ ಚಪ್ಪರ ಹಾಕಿ ಗಂಡಿನ ಕಡೆಯವರಿಗೆ ಕಾದ ಹಾಗೆ. ಕೊನೆಗೆ 2017ರ ಜೂನ್ 17ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಯಲಚೇನಹಳ್ಳಿವರೆಗಿನ ಹಸಿರು ಮಾರ್ಗ ಉದ್ಘಾಟಿಸಿದರು. ಮಾರನೆಯ ದಿನದಿಂದ ಮೆಜೆಸ್ಟಿಕ್‌ನಲ್ಲಿ ಜನ ಇಳಿದು ಹತ್ತಲು ಶುರು ಮಾಡಿದರು. 42.3 ಕಿ.ಮೀ.ಗಳ ಮೊದಲ ಹಂತ ಅಲ್ಲಿಗೆ ಮುಗಿಯಿತು. ಅದರಲ್ಲಿ ನೆಲದಡಿ ಇರುವುದು 8.8 ಕಿ.ಮೀ., ಏಳು ನಿಲ್ದಾಣ.

ಸೀದಾ ರೈಲು ಯಾಕೆ ಬಿಡುವುದಿಲ್ಲ ಎಂಬ ಪ್ರಶ್ನೆಗೆ ಬರುತ್ತೇನೆ. ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಎಲ್ಲರೂ ಕೇಳುತ್ತಾರೆ, ಕೇಳಿದವರೆಲ್ಲ ‘ಇಂಜಿನಿಯರುಗಳಿಗೆ ಬುದ್ಧಿ ಇಲ್ಲ’ ಅಂದುಕೊಂಡೇ ಕೇಳುತ್ತಾರೆ.

ಜೆ.ಪಿ. ನಗರದಿಂದ ಆರು ನಿಮಿಷಕ್ಕೊಂದು ರೈಲು ಬರುತ್ತದೆ ಎಂದುಕೊಳ್ಳಿ. ಮೆಜೆಸ್ಟಿಕ್‌ನಲ್ಲಿ ಒಂದನ್ನು ಮಾದಾವರಕ್ಕೆ, ಮುಂದಿನದನ್ನು ವೈಟ್‌ಫೀಲ್ಡ್‌ಗೆ ಕಳಿಸಿದರೆ ಏನಾಗುತ್ತದೆ? ಮಾದಾವರದವರಿಗೆ 12 ನಿಮಿಷಕ್ಕೊಂದು, ವೈಟ್‌ಫೀಲ್ಡ್‌ನವರಿಗೆ 12 ನಿಮಿಷಕ್ಕೊಂದು. ನಿಮಗೆ ಇಳಿದು ಹತ್ತುವ ಶ್ರಮ ಉಳಿಯಿತು, ಆದರೆ ನಿಮ್ಮ ರೈಲಿಗೆ ಕಾಯುವ ಹೊತ್ತು ದುಪ್ಪಟ್ಟಾಯಿತು. ಸಾಲದ್ದಕ್ಕೆ ವೈಟ್‌ಫೀಲ್ಡ್ ಕಡೆ ಮೊದಲೇ ಚಲ್ಲಘಟ್ಟದಿಂದ ಬರುವ ರೈಲುಗಳಿವೆ. ಅವುಗಳ ನಡುವೆ ನಿಮ್ಮ ರೈಲನ್ನು ತೂರಿಸಬೇಕು. ಅಲ್ಲಿ ಒಂದು ನಿಮಿಷ ತಡವಾದರೆ ನಾಲ್ಕೂ ದಿಕ್ಕಿನಲ್ಲಿ ತಡ. ಈಗಿನ ವ್ಯವಸ್ಥೆಯಲ್ಲಿ ಹಸಿರಿನ ತಾಪತ್ರಯ ಹಸಿರಿಗೆ, ನೇರಳೆಯದು ನೇರಳೆಗೆ. ರೈಲುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಮುಟ್ಟುವವರು ಪ್ರಯಾಣಿಕರು ಮಾತ್ರ. ಮೆಟ್ರೋ ಅನ್ನುವುದು ದೂರದ ಊರಿನ ಬಸ್ಸಲ್ಲ, ಸೀದಾ ಮನೆ ಬಾಗಿಲಿಗೆ ಬಿಡುವುದು ಅದರ ಕೆಲಸವಲ್ಲ. ಬೇಗ ಬೇಗ ಬರುವುದು ಅದರ ಕೆಲಸ. ಬದಲಿಸುವ ಕಷ್ಟವನ್ನು ನಾವು ಹೊರುತ್ತೇವೆ, ಕಾಯುವ ಕಷ್ಟ ಕಡಿಮೆಯಾಗುತ್ತದೆ.

ಆದರೂ ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. ತಪ್ಪು ಬದಲಿಸಬೇಕಾದ್ದರಲ್ಲಿ ಇಲ್ಲ, ಬದಲಿಸಲು ಒಂದೇ ಜಾಗ ಇದ್ದದ್ದರಲ್ಲಿ ಇದೆ. 2017ರಿಂದ 2025ರವರೆಗೆ, ಎಂಟು ವರ್ಷ, ಇಡೀ ಬೆಂಗಳೂರಿಗೆ ಇದ್ದದ್ದು ಮೆಜೆಸ್ಟಿಕ್ ಒಂದೇ ತಾರಿ. ಆರು ಬೋಗಿಯ ರೈಲು ತುಂಬಿದರೆ ಸುಮಾರು 2,000 ಜನ. ಅದರಲ್ಲಿ ಮೂರರಲ್ಲಿ ಒಂದು ಪಾಲು ಇಳಿದರೂ ನಿಂತ ಕಾಲಲ್ಲಿ ಆರೇಳು ನೂರು ಜನ ಎಸ್ಕಲೇಟರಿನ ಬಾಯಿಗೆ ಬರುತ್ತಾರೆ. ಪ್ಲಾಟ್‌ಫಾರ್ಮ್ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಬಾಟಲಿ ಎಷ್ಟು ಅಗಲ ಇದ್ದರೂ ನೀರು ಬರುವುದು ಕುತ್ತಿಗೆಯಷ್ಟೇ ಅಲ್ವಾ? ನಿಲ್ದಾಣ ದೊಡ್ಡದು ಅಂತ ಎಲ್ಲರೂ ಹೆಮ್ಮೆ ಪಡುತ್ತಾರೆ. ನನಗೆ ಮಾತ್ರ ಅದರ ದೊಡ್ಡತನ ಕಂಡಾಗಲೆಲ್ಲ, ಇದೇ ದುಡ್ಡಿನಲ್ಲಿ ಇನ್ನೊಂದು ಕಡೆ ಮಾರ್ಗ ದಾಟಿಸಿದ್ದರೆ ಅನಿಸುತ್ತದೆ.

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ, 19 ಕಿ.ಮೀ. ಚಿಲ್ಲರೆ. ಆರ್.ವಿ. ರಸ್ತೆಯಲ್ಲಿ ಹಸಿರು–ಹಳದಿ ಕೂಡುತ್ತವೆ. ಗುಲಾಬಿ, ನೀಲಿ ಮಾರ್ಗಗಳು ಪೂರ್ತಿಯಾದ ಮೇಲೆ ಎಂ.ಜಿ. ರಸ್ತೆ, ಜಯದೇವ, ಸಿಲ್ಕ್ ಬೋರ್ಡ್, ಕೆ.ಆರ್. ಪುರ, ನಾಗವಾರ ಹೀಗೆ ಕೂಡುವ ಜಾಗಗಳು ಜಾಸ್ತಿಯಾಗುತ್ತವೆ. ಆಗ ಬಲೆಯ ಹೆಣಿಗೆ ಬರುತ್ತದೆ. ಬಲೆಯಲ್ಲಿ ಒಂದು ಗಂಟು ಬಿಚ್ಚಿದರೂ ಮೀನು ನಿಲ್ಲುತ್ತದೆ. ಒಂದೇ ಗಂಟಿನ ಬಲೆ ಅಂತ ಯಾರೂ ಕಟ್ಟುವುದಿಲ್ಲ.

(ಇದನ್ನೆಲ್ಲ ಬರೆಯುವಾಗ ಒಂದು ಸಂಕಟ. ಶಿರಸಿಗೆ ಇನ್ನೂ ರೈಲೇ ಬಂದಿಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗ ದಶಕಗಳಿಂದ ಕಾಗದದ ಮೇಲೇ ಓಡುತ್ತಿದೆ. ಮೆಟ್ರೋದಲ್ಲಿ ಗಂಟು ಎಷ್ಟಿರಬೇಕು ಎಂದು ಶಿರಸಿಯವರಿಗೆ ನಾನು ಪಾಠ ಹೇಳುತ್ತಿದ್ದೇನೆ. ಬೈದುಕೊಳ್ಳಬೇಡಿ ಮಾರಾಯ್ರೇ.)

ಈಗ ನಿಮ್ಮ ಮನೆಯವರ ಮಂಡಿ.

ಶಿರಸಿಯ ರಾತ್ರಿ ಬಸ್ಸು, ಅದು ವಾಯವ್ಯ ಸಾರಿಗೆಯದಿರಲಿ, ಖಾಸಗಿಯದಿರಲಿ, ತುಮಕೂರು ರಸ್ತೆಯಿಂದಲೇ ಊರೊಳಗೆ ಬರುತ್ತದೆ. ಹಸಿರು ಮಾರ್ಗ ಅದೇ ರಸ್ತೆಯ ಮೇಲೆ ಓಡುತ್ತದೆ. ಹಾಗಾಗಿ ಮಗಳ ಮನೆಗೆ ಹೋಗುವಾಗ ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ಕೂರಬೇಕಾದ್ದೇ ಇಲ್ಲ. ಜಾಲಹಳ್ಳಿ ಕ್ರಾಸಿನಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿಸಿ ಎಂದು ಕಂಡಕ್ಟರ್‌ಗೆ ಮೊದಲೇ ಹೇಳಿಡಿ. ಅಲ್ಲಿ ಮೆಟ್ರೋ ಹತ್ತಿದರೆ ಜೆ.ಪಿ. ನಗರಕ್ಕೆ ಸೀದಾ. ಮೆಜೆಸ್ಟಿಕ್ ಬಂದಾಗ ಸುಮ್ನೆ ಕೂತಿರಿ. ಭಾನುವಾರ ರಾತ್ರಿ ಬಸ್ಸು ಹತ್ತಿದ್ದರೆ ಇನ್ನೂ ಅನುಕೂಲ. ಊರಿಂದ ಬರುವವರಿಗೆಂದೇ 2025ರ ಜನವರಿಯಿಂದ ಸೋಮವಾರ ಬೆಳಗಿನ ಜಾವ 4.15ಕ್ಕೇ ಮೆಟ್ರೋ ಶುರು ಮಾಡಿದ್ದಾರೆ. ಭಾನುವಾರ ಬೆಳಿಗ್ಗೆ ಮಾತ್ರ ತಡ, ಬೆಳಕು ಹರಿದ ಮೇಲೆಯೇ.

ಮಗನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಮೆಜೆಸ್ಟಿಕ್‌ವರೆಗೆ ಬಂದು, ಅಲ್ಲೇ ನೇರಳೆ ಮಾರ್ಗ ಹತ್ತಿ. ಒಂದೇ ರೈಲು, ಬದಲಿಸುವುದಿಲ್ಲ. ಕರಾವಳಿಯವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಕಾರವಾರದಿಂದ ಪಂಚಗಂಗಾ ರೈಲಿನಲ್ಲಿ ಬಂದರೆ ಮೆಜೆಸ್ಟಿಕ್‌ಗೆ ನಡೆಯಬೇಡಿ. ರೈಲು ನಿಲ್ದಾಣದ ಪಕ್ಕದಲ್ಲೇ ಸಂಗೊಳ್ಳಿ ರಾಯಣ್ಣನ ಹೆಸರಿನ ಬೇರೆ ಮೆಟ್ರೋ ನಿಲ್ದಾಣ ಇದೆ, ಅದೂ ನೇರಳೆಯದೇ.

ಉಳಿದದ್ದು ಮಗಳ ಮನೆಯಿಂದ ಮಗನ ಮನೆಗೆ. ಅಲ್ಲಿ ಮೆಜೆಸ್ಟಿಕ್ ತಪ್ಪುವುದಿಲ್ಲ, ಹಸಿರು–ನೇರಳೆ ಕೂಡುವುದು ಅಲ್ಲೊಂದೇ ಕಡೆ. ರೈಲಿಳಿದ ಕೂಡಲೇ ಜನರ ಹಿಂದೆ ಹೋಗಬೇಡಿ, ಅವರಲ್ಲಿ ಅರ್ಧ ಜನ ಹೊರಗೆ ಹೋಗುವವರು. ಒಂದೆರಡು ನಿಮಿಷ ಅಲ್ಲೇ ನಿಲ್ಲಿ, ಗುಂಪು ಕರಗಲಿ. ಆಮೇಲೆ ನೇರಳೆ ಬಣ್ಣದ ಫಲಕ ಹುಡುಕಿ. ನೀವು ಕೆಳಗಿದ್ದೀರಿ, ನಿಮ್ಮ ರೈಲು ಮೇಲಿದೆ. ಕಾರ್ಡು ಮುಟ್ಟಿಸುವ ಗೇಟು ಎದುರಿಗೆ ಕಂಡರೆ ಒಂದು ಅಂತಸ್ತು ಜಾಸ್ತಿ ಹತ್ತಿದ್ದೀರಿ ಎಂದರ್ಥ, ತಿರುಗಿ ಇಳಿಯಿರಿ. ಮೆಟ್ಟಿಲು ಬೇಡ, ಎಸ್ಕಲೇಟರೂ ಬೇಡ. ಪ್ಲಾಟ್‌ಫಾರ್ಮಿನಲ್ಲೇ ಲಿಫ್ಟ್ ಇದೆ. ಅವಸರದವರೆಲ್ಲ ಎಸ್ಕಲೇಟರಿಗೆ ಓಡುವುದರಿಂದ ಅದರ ಮುಂದೆ ಸಾಲು ಕಡಿಮೆ. ಕಾಣದಿದ್ದರೆ ಅಲ್ಲಿ ನಿಂತಿರುವ ಸೆಕ್ಯುರಿಟಿಯವರನ್ನು ‘ಲಿಫ್ಟ್ ಎಲ್ಲಿ’ ಎಂದು ಕೇಳಿ. ‘ವೈಟ್‌ಫೀಲ್ಡ್ ಎಲ್ಲಿ’ ಎಂದು ಕೇಳಿದರೆ ಅವರು ಎಸ್ಕಲೇಟರಿನ ಕಡೆಗೇ ಕೈ ತೋರಿಸುತ್ತಾರೆ.